ಕರಿಯಪ್ಪನೂ ಕೃಷ್ಣಪ್ಪನೂ ಒಂದೇ

ಪ್ರಶ್ನೆ: ಮಗಳ ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ. ‘ಹೆಸರಿನಲ್ಲಿ ಬಣ್ಣ ಇರುವ ಪ್ರಸಿದ್ಧರು’ ಎಂಬ ವಿಷಯಕ್ಕೆ ಅವಳು ಬರೆದುಕೊಂಡಿರುವುದೆಲ್ಲ ಗಾರ್ಡನ್ ಬ್ರೌನ್, ಸಿರಿಯಸ್ ಬ್ಲ್ಯಾಕ್, ಸ್ನೋ ವೈಟ್. ನಮ್ಮಲ್ಲಿ, ಅದರಲ್ಲೂ ನಮ್ಮ ಕೊಡಗಿನಲ್ಲಿ, ಅಂಥವರು ಯಾರೂ ಇಲ್ಲವೇ? ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನಲ್ಲಿ ಕಪ್ಪು ಇದೆ ಎಂದು ಮೈಸೂರಿನ ನೆಂಟರೊಬ್ಬರು ಹೇಳಿದರು. ಅದು ನಿಜವೇ?
(ಓದುಗರೊಬ್ಬರು, ವಿರಾಜಪೇಟೆ)

ಉತ್ತರ: ಮಗಳ ಪಟ್ಟಿಗೆ ಮೊದಲ ಹೆಸರು ನಿಮ್ಮ ಊರಿನದೇ ಇರಲಿ. ಸಿ.ಬಿ. ಮುತ್ತಮ್ಮ ವಿರಾಜಪೇಟೆಯಲ್ಲಿ ಹುಟ್ಟಿದ್ದು 1924ರ ಜನವರಿಯಲ್ಲಿ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಸೇವೆಯ ಮೆಟ್ಟಿಲು ಹತ್ತಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆಯೂ ಅವರೇ. 1970ರಲ್ಲಿ ಹಂಗೇರಿಗೆ ಹೋದರು. ‘ಸಿ’ ಎಂದರೆ ಚೋನಿರ, ಮನೆತನದ ಹೆಸರು. ‘ಬಿ’ ಎಂದರೆ ಬೆಳ್ಳಿಯಪ್ಪ. ಬಣ್ಣ ಅಡಗಿರುವುದು ಆ ‘ಬಿ’ಯಲ್ಲಿ.

ಬೆಳ್ಳಿ ಲೋಹದ ಹೆಸರು, ಬಣ್ಣದ್ದಲ್ಲ ಎಂದು ತೀರ್ಪುಗಾರರು ತಕರಾರು ತೆಗೆಯಬಹುದು. ಆಗ ಮಗಳು ಹೀಗೆ ಹೇಳಲಿ: ಕನ್ನಡದಲ್ಲಿ ‘ಬೆಳ್’ ಎಂದರೆ ಬಿಳುಪು. ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳುದಿಂಗಳು, ಬಿಳಿಯ ಕೊಳದ ಬೆಳ್ಗೊಳ, ಎಲ್ಲ ಅದೇ ಬೇರಿನ ಚಿಗುರುಗಳು. ಆ ಲೋಹ ಬಿಳಿಯಾಗಿದ್ದುದರಿಂದಲೇ ಬೆಳ್ಳಿಯಾಯಿತು. ಕೊಡವರ ಬಾಯಲ್ಲಿ ಅದು ಬೊಳ್ಳಿ. ಆದ್ದರಿಂದ ಬೆಳ್ಳಿಯಪ್ಪ ಎನ್ನುವವರು ಹೆಸರಿನ ಮಟ್ಟಿಗೆ ಇಂಗ್ಲಿಷಿನ ವೈಟ್‌ಗಳಿಗೆ ದಾಯಾದಿಗಳೇ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ‘ಕೊಡಗಿನ ಗಾಂಧಿ’ ಎನಿಸಿಕೊಂಡ ಪಂದ್ಯಂಡ ಬೆಳ್ಳಿಯಪ್ಪನವರನ್ನೂ ಈ ಸಾಲಿಗೆ ಸೇರಿಸಿಕೊಳ್ಳಲಿ.

ಮುತ್ತಮ್ಮನವರ ಕಥೆಯಲ್ಲಿ ಇನ್ನೊಂದು ಬಣ್ಣವೂ ಬರುತ್ತದೆ. ವಿದೇಶಾಂಗ ಸೇವೆಯ ಹೆಣ್ಣುಮಕ್ಕಳು ಮದುವೆಯಾಗಬೇಕಿದ್ದರೆ ಸರ್ಕಾರದ ಲಿಖಿತ ಅನುಮತಿ ಬೇಕೆಂಬ ನಿಯಮ ಆಗ ಇತ್ತು. ಅದರ ವಿರುದ್ಧ, ತಮಗೆ ಬಡ್ತಿ ತಪ್ಪಿಸಿದ್ದರ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಬಡ್ತಿ ಬಂತು. ಹಾಗಾಗಿ 1979ರಲ್ಲಿ ಕೋರ್ಟು ಅರ್ಜಿಯನ್ನು ಮುಗಿಸಿತಾದರೂ ಆ ನಿಯಮಗಳನ್ನು ಕಟುವಾಗಿ ಖಂಡಿಸಿತು. ಹೆಣ್ಣು ಗಂಡೆಂಬ ಭೇದವನ್ನು ಸೇವಾ ನಿಯಮಗಳಿಂದ ಕಿತ್ತುಹಾಕಬೇಕೆಂದು ಹೇಳಿತು. ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕೃಷ್ಣ ಎಂದರೆ ಕಪ್ಪು. ಬೆಳ್ಳಿಯಪ್ಪನವರ ಮಗಳ ಮೊಕದ್ದಮೆಗೆ ಕೃಷ್ಣನ ತೀರ್ಪು! ಈ ‘ಕೃಷ್ಣ’ನನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವನ ಕೆಲಸ ಬಹಳ ಇದೆ.

ಬೆಳ್ಳಿಯ ನಂತರ ಹೊನ್ನು. ನಿಮ್ಮಲ್ಲಿ ಪೊನ್ನಪ್ಪ, ಪೊನ್ನಮ್ಮ ಇಲ್ಲದ ಐನ್‌ಮನೆ ಇರಲಾರದು. ಪೊನ್ ಎಂದರೆ ಚಿನ್ನ. ಹಳಗನ್ನಡದ ‘ಪ’ಕಾರ ಬಯಲುಸೀಮೆಯ ಬಾಯಲ್ಲಿ ‘ಹ’ಕಾರವಾಯಿತು, ಕೊಡವ ತಕ್ಕಿನಲ್ಲಿ ಇದ್ದ ಹಾಗೇ ಉಳಿಯಿತು. ಮಗಳಿಗೆ ಇದನ್ನು ತಿಳಿಸಲು ಪುತ್ತರಿಗಿಂತ ಒಳ್ಳೆಯ ಉದಾಹರಣೆ ಇಲ್ಲ: ನೀವು ಮನೆಯಲ್ಲಿ ಪುತ್ತರಿ ಎನ್ನುತ್ತೀರಿ, ಕನ್ನಡ ಪತ್ರಿಕೆಗಳು ಹುತ್ತರಿ ಎಂದು ಅಚ್ಚು ಹಾಕುತ್ತವೆ. ಹಾಗೆಯೇ ಕೊಡಗಿನ ಪೊನ್ನಪ್ಪ ಘಟ್ಟದಾಚೆ ಬಯಲಿಗಿಳಿದರೆ ಹೊನ್ನಪ್ಪ. ಗಾಯಕ, ನಟ ಹೊನ್ನಪ್ಪ ಭಾಗವತರ್ ಅವರ ಹೆಸರೂ ನಿಮ್ಮ ಪಕ್ಕದ ಮನೆಯ ಪೊನ್ನಪ್ಪನವರ ಹೆಸರೂ ಒಂದೇ. ನಿಮ್ಮ ನೆರೆಯ ಪೊನ್ನಂಪೇಟೆಗೆ ಆ ಹೆಸರು ಬಂದದ್ದು ದಿವಾನ ಚೆಪ್ಪುಡೀರ ಪೊನ್ನಪ್ಪನವರಿಂದ.

ಇಲ್ಲಿ ಮಗಳಿಗೆ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ. ಅಶ್ವಿನಿ ಪೊನ್ನಪ್ಪ, ಮಾಚಿಮಂಡ ಮನೆತನದ ಹುಡುಗಿ, 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆಗೂಡಿ ಮಹಿಳಾ ಡಬಲ್ಸ್‌ನಲ್ಲಿ ಗೆದ್ದದ್ದು ಯಾವ ಪದಕ? ಹೆಸರಿನಲ್ಲೇ ಇದೆ: ಪೊನ್ನು. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಜೋಡಿಗೆ ಕಂಚು, 2014ರಲ್ಲಿ ಗ್ಲ್ಯಾಸ್ಗೋದಲ್ಲಿ ಬೆಳ್ಳಿ. 2012ರಲ್ಲಿ ಅಶ್ವಿನಿಗೆ ಅರ್ಜುನ ಪ್ರಶಸ್ತಿ. ಅರ್ಜುನ ಎಂದರೂ ಬಣ್ಣವೇ. ಅವನ ವಿಷಯ ಆಮೇಲೆ.

ಕನ್ನಡದ ಅತಿ ಹಳೆಯ ಪೊನ್ನಪ್ಪ ಹತ್ತನೆಯ ಶತಮಾನದ ಕವಿ ಪೊನ್ನ. ಪಂಪ, ರನ್ನರ ಜೊತೆ ರತ್ನತ್ರಯರಲ್ಲಿ ಒಬ್ಬ; ‘ಶಾಂತಿಪುರಾಣ’ ಬರೆದವನು. ಅಚ್ಚುಯಂತ್ರ ಇಲ್ಲದ ಆ ಕಾಲದಲ್ಲಿ ಅತ್ತಿಮಬ್ಬೆ ಆ ಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಒಂದು ಗ್ರಂಥವನ್ನು ಉಳಿಸಲು ಒಬ್ಬ ಹೆಣ್ಣುಮಗಳು ಮಾಡಿದ ಅಂಥ ಕೆಲಸ ನನಗೆ ಬೇರೆ ಯಾವ ಭಾಷೆಯಲ್ಲೂ ಕಂಡಿಲ್ಲ. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ ರಾಜ ರಾಷ್ಟ್ರಕೂಟರ ಮೂರನೆಯ ಕೃಷ್ಣ. ಕವಿ ಹೊನ್ನು, ಅರಸ ಕಪ್ಪು.

ಚಿನ್ನಪ್ಪ ಎಂಬ ಹೆಸರಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ಚಿನ್ನ ಬಂಗಾರ, ತಮಿಳು ತೆಲುಗಿನಲ್ಲಿ ಚಿಕ್ಕದು. ಆದರೂ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದ ನಡಿಕೇರಿಯಂಡ ಚಿನ್ನಪ್ಪನವರನ್ನು ಬಿಟ್ಟು ಈ ಉತ್ತರ ಮುಗಿಸಲು ನನಗೆ ಮನಸ್ಸಿಲ್ಲ. ಪೊಲೀಸ್ ಕೆಲಸದಲ್ಲಿದ್ದುಕೊಂಡು ಹಾಡು, ಗಾದೆ, ಕಟ್ಟುಕಟ್ಟಳೆಗಳನ್ನು ಊರೂರು ತಿರುಗಿ ಕೇಳಿ ಅವರು ಬರೆದುಕೊಂಡ ಪುಸ್ತಕ ‘ಪಟ್ಟೋಲೆ ಪಳಮೆ’ ಅಚ್ಚಾದದ್ದು 1924ರಲ್ಲಿ, ಮುತ್ತಮ್ಮ ಹುಟ್ಟಿದ ವರ್ಷವೇ. ‘ಪಳಮೆ’ ಎಂದರೆ ನಮ್ಮ ‘ಹಳಮೆ’. ಅಲ್ಲಿಯೂ ಅದೇ ‘ಪ’.

ಈಗ ನೆಂಟರ ಮಾತು. ಕಾರ್ಯಪ್ಪ ಎಂದರೆ ಕಪ್ಪೇ? ಇಂಗ್ಲಿಷಿನಲ್ಲಿ ಅವರ ಹೆಸರು ಬರೆಯುವ ರೀತಿ ನೋಡಿದರೆ ಕರಿಯಪ್ಪ ಎಂದೂ ಓದಬಹುದು, ಕಾರ್ಯಪ್ಪ ಎಂದೂ ಓದಬಹುದು. ಬಯಲುಸೀಮೆಯವರಿಗೆ ಕರಿಯಪ್ಪ ಪರಿಚಿತ ಹೆಸರು. ಅವರು ಹಾಗೇ ಓದಿಕೊಂಡರು, ಹಾಗೇ ಅರ್ಥವನ್ನೂ ಮಾಡಿಕೊಂಡರು. ಕೊಡಗು ಹಾಗೆ ಬರೆಯುವುದಿಲ್ಲ. ಮಡಿಕೇರಿಯಲ್ಲಿ ಅವರ ಹೆಸರಿನ ಕಾಲೇಜು ಇದೆ. ಅಲ್ಲಿ ಓದಿದ ಯಾರನ್ನು ಕೇಳಿದರೂ ಕನ್ನಡದಲ್ಲಿ ‘ಕಾರ್ಯಪ್ಪ’ ಎಂದೇ ಬರೆದು ತೋರಿಸುತ್ತಾರೆ. ಆ ಅಕ್ಷರಗಳಲ್ಲಿ ‘ಕರಿ’ ಇಲ್ಲ. ಹೆಸರಿನ ಅರ್ಥ ಹುಡುಕುವಾಗ ಹೆಸರಿನ ಒಡೆಯರು ತಮ್ಮ ಭಾಷೆಯಲ್ಲಿ ಬರೆದುಕೊಳ್ಳುವುದನ್ನು ನಂಬಬೇಕು, ಇಂಗ್ಲಿಷ್ ಕಾಗುಣಿತವನ್ನಲ್ಲ. ಆದ್ದರಿಂದ 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯನನ್ನು, 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದ ಕೊಡಂದೇರ ಕಾರ್ಯಪ್ಪನವರನ್ನು, ಮಗಳು ಬಣ್ಣದ ಪಟ್ಟಿಗೆ ಸೇರಿಸದಿರಲಿ.

ಆದರೆ ನಿಮ್ಮ ನೆಂಟರು ಆ ಮಾತನ್ನು ಯಾವ ದನಿಯಲ್ಲಿ ಹೇಳಿದರೋ ಎಂಬುದೇ ನನ್ನನ್ನು ಕಾಡುತ್ತಿದೆ. ಒಂದು ವೇಳೆ ಅದು ಕರಿಯಪ್ಪನೇ ಆಗಿದ್ದರೂ ಅದರಲ್ಲಿ ಕಳೆದುಕೊಳ್ಳುವುದೇನಿತ್ತು?

ನಾನು ಓದಿದ ಶಾಲೆಯಲ್ಲಿ ಕರಿಯಮ್ಮ ಎಂಬ ಹುಡುಗಿ ಇದ್ದಳು. ಹಾಜರಿ ಕೂಗುವಾಗ ಅವಳ ಹೆಸರು ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ ಎಂಬ ನಗು. ಅವಳು ‘ಎಸ್ ಸಾರ್’ ಅನ್ನುತ್ತಿದ್ದುದು ಆ ನಗೆ ಮುಗಿದ ಮೇಲೆ, ಡೆಸ್ಕು ನೋಡಿಕೊಂಡು. ಊರ ದೇವತೆ ಕರಿಯಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಮಗು ಅದು. ಮೈಬಣ್ಣಕ್ಕೂ ಹೆಸರಿಗೂ ಸಂಬಂಧವಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಅವಳು ಕಾವ್ಯ ಆಗಿದ್ದಳು. ಅದೇ ತರಗತಿಯಲ್ಲಿ ಮೂವರು ಕೃಷ್ಣರಿದ್ದರು, ಒಬ್ಬ ಕೃಷ್ಣಪ್ಪ, ಒಬ್ಬ ಕೃಷ್ಣಮೂರ್ತಿ, ಒಬ್ಬ ಗೋಪಾಲಕೃಷ್ಣ. ಅವರ ಹೆಸರಿಗೆ ಯಾರೂ ನಗಲಿಲ್ಲ. ಕರಿಯಪ್ಪ ಎಂಬುದನ್ನು ಸಂಸ್ಕೃತಕ್ಕೆ ತಿರುಗಿಸಿದರೆ ಕೃಷ್ಣಪ್ಪ. ಅದೇ ಬಣ್ಣವನ್ನು ಸಂಸ್ಕೃತದಲ್ಲಿ ಹೇಳಿದಾಗ ಕೈಮುಗಿದು, ಕನ್ನಡದಲ್ಲಿ ಹೇಳಿದಾಗ ನಕ್ಕೆವು. ಆ ಹುಡುಗಿಗೆ ನಾವೆಲ್ಲ ಸೇರಿ ಮಾಡಿದ ಅನ್ಯಾಯ ಅದು. ನಾನೂ ಆ ಬೆಂಚಿನಲ್ಲೇ ಕೂತಿದ್ದೆ.

ಹಳ್ಳಿಯ ಹೆಸರುಗಳಲ್ಲಿ ಬಣ್ಣ ಬರುವುದು ಮೈ ನೋಡಿ ಅಲ್ಲ. ಕರಿಯಮ್ಮ, ಕೆಂಪಮ್ಮ, ಕೆಂಚಮ್ಮ ಎಲ್ಲರೂ ಗ್ರಾಮದೇವತೆಯರು, ಕರಿಬಸವೇಶ್ವರನಿಂದ ಕರಿಬಸಪ್ಪ. ದೇವರ ಹೆಸರು, ಅಜ್ಜನ ಹೆಸರು, ಹರಕೆಯ ಹೆಸರು. ಇನ್ನು ಕೆಲವೆಡೆ ಹೆತ್ತವರು ಬೇಕೆಂದೇ ಮಗುವನ್ನು ‘ಕರಿಯ’ ಎಂದು ಕರೆಯುತ್ತಾರೆ, ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆ, ಕಣ್ಣು ತಾಗದಿರಲಿ ಎಂದು. ಕೆಂಪಿನ ಕಥೆ ಇನ್ನೂ ಬೇರೆ. ಹಳೆಯ ಹೆಂಗಸರು ‘ಹುಡುಗಿ ಕೆಂಪಗಿದ್ದಾಳೆ’ ಎಂದರೆ ಬೆಳ್ಳಗಿದ್ದಾಳೆ ಎಂದು ಅರ್ಥ. ಬಿಳಿಯ ಮೈಬಣ್ಣಕ್ಕೆ ಬಿಳಿ ಎನ್ನದೆ ಕೆಂಪು ಎನ್ನುವ ಈ ರೂಢಿ ಇಂಗ್ಲಿಷ್ ಬಲ್ಲ ಮಕ್ಕಳಿಗೆ ಬಿಡಿಸಿ ಹೇಳಿದರಷ್ಟೇ ತಿಳಿಯುತ್ತದೆ.

ಕನ್ನಡನಾಡಿನ ಅತಿ ಪ್ರಸಿದ್ಧ ಬಣ್ಣದ ಹೆಸರು ಯಾವುದೆಂದರೆ, ಯೋಚಿಸುವುದೇ ಬೇಡ, ಕೆಂಪೇಗೌಡ. ಯಲಹಂಕದ ನಾಡಪ್ರಭು, 1537ರಲ್ಲಿ ಬೆಂಗಳೂರು ಕಟ್ಟಿದವರು. ಅವರ ತಂದೆ ಕೆಂಪನಂಜೇಗೌಡ, ಅಲ್ಲಿಯೂ ಕೆಂಪು. ಬೆಂಗಳೂರಿನ ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣಗಳಿಗೆ ಅವರ ಹೆಸರು. 2013ರಲ್ಲಿ ವಿಮಾನ ನಿಲ್ದಾಣಕ್ಕೂ ಅದೇ ಹೆಸರಾಯಿತು, 2022ರಲ್ಲಿ ಅಲ್ಲಿ 108 ಅಡಿಯ ಪ್ರತಿಮೆ ಎದ್ದಿತು. ದುಬೈಯಿಂದಲೋ ಲಂಡನ್ನಿನಿಂದಲೋ ಬಂದಿಳಿಯುವವರು ಮೊದಲು ಓದುವ ಕನ್ನಡದ ಬಣ್ಣ ಕೆಂಪು.

ಮೈಸೂರಿನ ಅರಮನೆಯಲ್ಲೂ ಒಂದು ಕೆಂಪು ಇತ್ತು, ಅದು ಮರೆತುಹೋಗಿರುವುದು ನನಗೆ ಬೇಸರದ ಸಂಗತಿ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಆಮೇಲೆ 1902ರವರೆಗೆ ರಾಜ್ಯ ನೋಡಿಕೊಂಡವರು ರಾಣಿ ಕೆಂಪನಂಜಮ್ಮಣ್ಣಿ. ವಾಣಿವಿಲಾಸ ಸಾಗರದ ಕೆಲಸ ಶುರುವಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಆಳ್ವಿಕೆಯಲ್ಲಿ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಅವರ ಬಿರುದು, ವಾಣಿವಿಲಾಸ. ಅಣೆಕಟ್ಟೆಗೂ ಆಸ್ಪತ್ರೆಗೂ ಅದೇ ಹೆಸರು. ‘ಕೆಂಪ’ ಹಿಂದೆ ಸರಿಯಿತು. ಮಗನ ಹೆಸರು ಹೇಳಬೇಕೇ? ನಾಲ್ವಡಿ ಕೃಷ್ಣರಾಜ ಒಡೆಯರು. ತಾಯಿ ಕೆಂಪು, ಮಗ ಕಪ್ಪು.

ಕಥೆಗಳಿಗೆ ಬರೋಣ, ಏಕೆಂದರೆ ಮಗಳ ಪಟ್ಟಿಯಲ್ಲಿ ಸ್ನೋ ವೈಟ್ ಇದ್ದಾಳೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಚೋಮನಿಗೆ ಐವರು ಮಕ್ಕಳು: ಚನಿಯ, ಗುರುವ, ಕಾಳ, ನೀಲ, ಮಗಳು ಬೆಳ್ಳಿ. ಚೋಮ, ಗುರುವ, ಚನಿಯ ವಾರದ ದಿನಗಳು: ಸೋಮ, ಗುರು, ಶನಿ. ಉಳಿದ ಮೂವರು ಬಣ್ಣಗಳು: ಕಪ್ಪು, ನೀಲಿ, ಬಿಳುಪು. ಒಂದು ತುಂಡು ನೆಲ ಇಲ್ಲದ ಆ ಗುಡಿಸಲಿನಲ್ಲಿ ವಾರವೂ ಬಣ್ಣವೂ ತುಂಬಿಕೊಂಡಿದ್ದವು. ಬಿ.ವಿ. ಕಾರಂತರು ಮಾಡಿದ ಚಲನಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಬಿರಿಯಾನಿ ಕರಿಯಪ್ಪ ಮರೆಯುವುದುಂಟೇ? ಬಿರಿಯಾನಿ ಮಾಡುವುದರಲ್ಲಿಯೂ ಮರ ಹತ್ತುವುದರಲ್ಲಿಯೂ ಅವನ ಸಮ ಇಲ್ಲ. ಅವನ ಹೆಸರು ಕೇಳಿ ಯಾರೂ ನಗುವುದಿಲ್ಲ. ತೇಜಸ್ವಿ ಅವನನ್ನು ಅಷ್ಟು ಮುದ್ದಾಗಿ ಕಟ್ಟಿದ್ದಾರೆ.

ಮಹಾಭಾರತ ಹಿಡಿದರಂತೂ ಪುಟ ಪುಟಕ್ಕೂ ಬಣ್ಣ. ವ್ಯಾಸರ ಹೆಸರು ಕೃಷ್ಣದ್ವೈಪಾಯನ, ದ್ವೀಪದಲ್ಲಿ ಹುಟ್ಟಿದ ಕರಿಯ. ಅವರನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡಳು, ಮಗ ಬಿಳಿಚಿಕೊಂಡೇ ಹುಟ್ಟಿ ಪಾಂಡು ಆದ. ದ್ರೌಪದಿಗೆ ಕೃಷ್ಣೆ ಎಂಬ ಹೆಸರಿದೆ. ಆ ಮಹಾಕಥೆಯ ಚೆಲುವೆ ಕಪ್ಪು ಬಣ್ಣದವಳು. ಇದನ್ನು ಮಗಳಿಗೆ ಒತ್ತಿ ಹೇಳಿ. ಅರ್ಜುನ ಎಂದರೆ ಬಿಳುಪು, ಹೊಳಪು. ಹಾಗಾಗಿ ಕುರುಕ್ಷೇತ್ರದ ಆ ರಥದಲ್ಲಿ ಕಪ್ಪು ಹೆಸರಿನವನು ಸಾರಥಿ, ಬಿಳಿ ಹೆಸರಿನವನು ರಥಿಕ. ಇಷ್ಟಕ್ಕೇ ಮುಗಿಯುವುದಿಲ್ಲ. ವಿರಾಟಪರ್ವದಲ್ಲಿ, ‘ನೀನೇ ಅರ್ಜುನನಾದರೆ ನಿನ್ನ ಹತ್ತು ಹೆಸರು ಹೇಳು’ ಎಂದು ಉತ್ತರಕುಮಾರ ಕೇಳುತ್ತಾನೆ. ಬೃಹನ್ನಳೆಯ ವೇಷದಲ್ಲಿದ್ದವನು ಹೇಳುವ ಆ ಹತ್ತರಲ್ಲಿ ಅರ್ಜುನ ಇದೆ, ಬಿಳಿ ಕುದುರೆಗಳವನೆಂಬ ಶ್ವೇತವಾಹನ ಇದೆ, ಕೃಷ್ಣ ಎಂಬುದೂ ಇದೆ! ಕಪ್ಪು ಬಿಳುಪು ಎರಡನ್ನೂ ಹೆಸರಿನಲ್ಲಿ ಹೊತ್ತವನು ಅವನು. ಸ್ಪರ್ಧೆಯ ಕೊನೆಯ ಸುತ್ತಿಗೆ ಈ ಪ್ರಶ್ನೆ ಇಟ್ಟರೆ ದೊಡ್ಡವರೂ ತಡವರಿಸುತ್ತಾರೆ.

ಹೊರಗಿನವರ ಪಟ್ಟಿ ಸುಳ್ಳೆಂದು ನಾನು ಹೇಳುತ್ತಿಲ್ಲ, ಅದನ್ನು ಇನ್ನಷ್ಟು ಬೆಳೆಸಬಹುದು. ಸಿರಿಯಸ್ ಬ್ಲ್ಯಾಕ್ ಇರುವ ಹ್ಯಾರಿ ಪಾಟರ್ ಕಥೆಯಲ್ಲೇ ಆಲ್ಬಸ್ ಡಂಬಲ್‌ಡೋರ್ ಇದ್ದಾರೆ, ರೂಬಿಯಸ್ ಹ್ಯಾಗ್ರಿಡ್ ಇದ್ದಾನೆ; ಲ್ಯಾಟಿನ್ನಿನಲ್ಲಿ ಆಲ್ಬಸ್ ಬಿಳಿ, ರೂಬಿಯಸ್ ಕೆಂಪು. ಇಟಲಿಯಲ್ಲಿ ಎಲ್ಲಿ ನೋಡಿದರೂ ಸಿಗುವ ಕುಲನಾಮ ರೊಸ್ಸಿ, ಅಂದರೆ ಕೆಂಪಯ್ಯ. 1982ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಆರು ಗೋಲು ಹೊಡೆದ ಪಾವ್ಲೊ ರೊಸ್ಸಿ ತೊಟ್ಟದ್ದು ನೀಲಿ ಅಂಗಿ. ಮರುವರ್ಷ ಕ್ರಿಕೆಟ್ ವಿಶ್ವಕಪ್ ಎತ್ತಿದ ಕಪಿಲ್ ದೇವ್‌ಗೂ ಬಣ್ಣದ ಹೆಸರೇ: ಕಪಿಲ ಎಂದರೆ ಕಂದು. ಗಾರ್ಡನ್ ಬ್ರೌನ್ ಪಕ್ಕಕ್ಕೆ ಮಗಳು ಅವರನ್ನು ಬರೆದುಕೊಳ್ಳಲಿ. ಹಸಿರು ಬೇಕಿದ್ದರೆ ಚೆನ್ನೈಗೆ ಹೋಗಬೇಕು, ಅಲ್ಲಿ ಪಚ್ಚೈಯಪ್ಪ ಕಾಲೇಜಿದೆ. ನೀಲಿಗೆ ಬಸವಣ್ಣನವರ ಮಡದಿ, ವಚನಕಾರ್ತಿ ನೀಲಾಂಬಿಕೆ ಇದ್ದಾರೆ.

ಕೊಡಗಿಗೇ ಮರಳುತ್ತೇನೆ. ನಿಮ್ಮಲ್ಲಿ ಮದುವೆಗೆ ಹೋದಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಬಣ್ಣಗಳ ಮೇಲೆ. ಕಪ್ಪು ಕುಪ್ಯ ತೊಟ್ಟ ಗಂಡಸರ ನಡುವೆ ಮದುಮಗ ಒಬ್ಬನೇ ಬಿಳಿ ಕುಪ್ಯದಲ್ಲಿ. ಸೊಂಟಕ್ಕೆ ಬಿಗಿದ ಕೆಂಪು ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ, ಹೊನ್ನು. ಹಿರಿಯರೊಬ್ಬರು ‘ಪೊನ್ನಪ್ಪಾ’ ಎಂದು ಕರೆದರೆ ಎರಡು ಮೂರು ತಲೆ ಒಟ್ಟಿಗೆ ತಿರುಗುತ್ತವೆ. ಅದೇ ಬಿಳಿ ಕುಪ್ಯವನ್ನು ಕೊನೆಯ ಪಯಣಕ್ಕೂ ತೊಡಿಸುತ್ತಾರೆಂದು ತಿಳಿದಂದಿನಿಂದ ಬಿಳಿ ನನಗೆ ಬರಿಯ ಚೆಂದದ ಬಣ್ಣವಾಗಿ ಉಳಿದಿಲ್ಲ.

ಬಿಳಿಯ ಹೆಸರು ಹೊತ್ತ ಇಬ್ಬರು ಹೆಣ್ಣುಮಕ್ಕಳ ವಿಷಯ ಹೇಳಲೇಬೇಕು. ಇಬ್ಬರೂ ಕೊಡಗಿನವರು, ಇಬ್ಬರ ಹೆಸರೂ ಗೌರಮ್ಮ, ಇಬ್ಬರೂ ಚಿಕ್ಕ ವಯಸ್ಸಿಗೇ ಹೋದವರು. ಗೌರ ಎಂದರೆ ಬಿಳುಪು, ಹೊಂಬಣ್ಣ. ಪುರಾಣದ ಪಾರ್ವತಿ ಮೊದಲು ಕಪ್ಪಗಿದ್ದಳು, ಶಿವ ಅದನ್ನೆತ್ತಿ ಆಡಿದ, ಅವಳು ತಪಸ್ಸು ಮಾಡಿ ಕಪ್ಪು ತೊಗಲನ್ನು ಕಳಚಿ ಗೌರಿಯಾದಳು. ಭಾದ್ರಪದದ ತದಿಗೆಯಂದು ಬಾಗಿನ ಕೊಡುವಾಗ ನಾವು ನೆನೆಯುವ ಗೌರಿಯೊಳಗೆ ಕಾಳಿಯೂ ಇದ್ದಾಳೆ.

ಮೊದಲನೆಯವಳು ಚಿಕ್ಕವೀರರಾಜೇಂದ್ರನ ಮಗಳು. ಅವಳ ಮನೆತನದ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿದ ಪೇಟೆಯೇ ನಿಮ್ಮ ವಿರಾಜಪೇಟೆ. ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದ ತಂದೆಗೆ 1841ರಲ್ಲಿ ಹುಟ್ಟಿದ ಆ ಮಗುವನ್ನು 1852ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಆ ವರ್ಷದ ಜೂನ್ 30ರಂದು ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಮರೊಚೆಟ್ಟಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಅವಳ ಎದೆಮಟ್ಟದ ಪ್ರತಿಮೆ ಕೆತ್ತಿದ. ಬಿಳಿಯ ಕಲ್ಲನ್ನು ಹಾಗೇ ಬಿಡಲಿಲ್ಲ, ಅದಕ್ಕೆ ಬಣ್ಣ ಹಚ್ಚಿದರು. ಬಿಳುಪು ಎಂಬ ಹೆಸರಿನ ಹುಡುಗಿಯ ಬಿಳಿಯ ಶಿಲೆಗೆ ಕೊಡಗಿನ ಮೈಬಣ್ಣ! ಆ ಪ್ರತಿಮೆ ವೈಟ್ ದ್ವೀಪದ ಆಸ್‌ಬಾರ್ನ್ ಅರಮನೆಯಲ್ಲಿದೆ. ಆ ‘ವೈಟ್’ ಕನ್ನಡದಲ್ಲಿ ಬರೆದಾಗ ಬಿಳಿಯ ಹಾಗೆ ಕಾಣುತ್ತದೆ, ಇಂಗ್ಲಿಷಿನಲ್ಲಿ ಅದರ ಕಾಗುಣಿತ ಬೇರೆ, ಬಿಳಿಗೂ ಅದಕ್ಕೂ ನಂಟಿಲ್ಲ. ಕಾರ್ಯಪ್ಪನವರ ಹೆಸರಿಗೆ ಆದದ್ದೇ ಇಲ್ಲಿ ತಿರುಗುಮುರುಗಾಗಿ ಆಗಿದೆ. ಗೌರಮ್ಮ 1864ರಲ್ಲಿ ತೀರಿಕೊಂಡಳು. ಸಿ.ಪಿ. ಬೆಳ್ಳಿಯಪ್ಪನವರು ಅವಳ ಕಥೆಯನ್ನು ಹುಡುಕಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದಾರೆ. ಬರೆದವರ ಹೆಸರಿನಲ್ಲೂ ಬಿಳುಪಿದೆ ನೋಡಿ.

ಎರಡನೆಯವರು 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕಥೆಗಾರ್ತಿ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಬೇಕೆಂದು ಉಪವಾಸ ಕೂತು, ಅವರು ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. 1939ರ ಏಪ್ರಿಲಿನಲ್ಲಿ ಈಜಲು ಹೋಗಿ ನೀರುಪಾಲಾದಾಗ ಅವರಿಗೆ ಇಪ್ಪತ್ತೇಳು. ‘ಕಂಬನಿ’, ‘ಚಿಗುರು’ ಎರಡೇ ಸಂಕಲನ. ಕನ್ನಡದ ಸಣ್ಣಕಥೆಯ ಇತಿಹಾಸ ಬರೆಯುವವರು ಇವರನ್ನು ದಾಟಿ ಮುಂದೆ ಹೋಗಲಾರರು. ಬೇಂದ್ರೆ ಅವರನ್ನು ತಂಗಿ ಎಂದು ಕರೆದು ಕವನ ಬರೆದರು. ಗಂಡನ ಹೆಸರು ಬಿ.ಟಿ. ಗೋಪಾಲಕೃಷ್ಣ. ಅಂದಿನ ರೂಢಿಯಂತೆ ಗೌರಮ್ಮ ಕಥೆಗಳ ಕೆಳಗೆ ಹಾಕುತ್ತಿದ್ದ ಸಹಿ: ಮಿಸೆಸ್ ಬಿ.ಟಿ.ಜಿ. ಕೃಷ್ಣ. ಹೆತ್ತವರು ಇಟ್ಟದ್ದು ಬಿಳಿಯ ಹೆಸರು, ಅಚ್ಚಿನಲ್ಲಿ ಬರುತ್ತಿದ್ದುದು ಕಪ್ಪಿನ ಹೆಸರು. ಈಗ ಆ ಸಹಿಯಿಂದ ಅವರನ್ನು ಹುಡುಕುವವರು ಯಾರೂ ಇಲ್ಲ. ಓದುಗರು ಮನೆತನದ ಹೆಸರನ್ನೂ ಗಂಡನ ಹೆಸರನ್ನೂ ಬದಿಗಿಟ್ಟು, ಹುಟ್ಟಿದ ನಾಡನ್ನೇ ಮುಂದೆ ಸೇರಿಸಿ, ಕೊಡಗಿನ ಗೌರಮ್ಮ ಎಂದು ಕರೆಯುತ್ತಾರೆ. ಮಗಳು ಅವರ ಒಂದು ಕಥೆಯನ್ನಾದರೂ ಓದಿಕೊಂಡು ಸ್ಪರ್ಧೆಗೆ ಹೋಗಲಿ.